ಮಣಿಕಟ್ಟಿಗೆ ಹಚ್ಚುವ ಸೆಂಟು

ಕಳೆದ ತಿಂಗಳು ಅಣ್ಣನ ಮಗಳು ಸಿಂಚನಾಳನ್ನು ಕರೆದುಕೊಂಡು ರಾಜಾಜಿನಗರದ ಮಾಲ್‌ಗೆ ಹೋಗಿದ್ದೆ. ಎಂಟನೇ ಕ್ಲಾಸಿನ ಹುಡುಗಿ, ಶೂ ಕೊಡಿಸಬೇಕಿತ್ತು. ಶೂ ಅಂಗಡಿ ಇರುವುದು ಮೇಲಿನ ಮಹಡಿಯಲ್ಲಿ. ಆದರೆ ಮಾಲ್ ಕಟ್ಟಿದವರು ಬಹಳ ಬುದ್ಧಿವಂತರು, ಯಾರು ಎಲ್ಲಿಗೆ ಹೋಗಬೇಕಾದರೂ ಮೊದಲು ಸೆಂಟು, ಲಿಪ್‌ಸ್ಟಿಕ್ಕಿನ ಅಂಗಡಿಗಳನ್ನು ದಾಟಿಯೇ ಹೋಗಬೇಕು. ಸಿಂಚನಾ ಅಲ್ಲೇ ನಿಂತುಬಿಟ್ಟಳು. ಗಾಜಿನ ಕೌಂಟರಿನ ಹಿಂದೆ ಒಬ್ಬ ನಟಿಯ ಆಳೆತ್ತರದ ಫೋಟೋ, ಅವಳ ಕೈಯಲ್ಲಿ ಉದ್ದ ಕತ್ತಿನ ಬಾಟಲಿ.

"ಅತ್ತೆ, ಇವಳು ನಿಜವಾಗ್ಲೂ ಇದನ್ನೇ ಯೂಸ್ ಮಾಡೋದು. ಅವಳ ರೀಲ್‌ನಲ್ಲಿ ಹಿಂದೆ ಶೆಲ್ಫ್ ಕಾಣುತ್ತಲ್ಲ, ಪಾಜ್ ಮಾಡಿ ನೋಡಿದೀನಿ" ಅಂದಳು.

ಕೌಂಟರಿನ ಹುಡುಗಿ ನಗುತ್ತಾ ಬಾಟಲಿ ಎತ್ತಿಕೊಂಡಳು. ಸಿಂಚನಾ ಯಾರೂ ಹೇಳಿಕೊಡದೆಯೇ ಕೈ ಮುಂದೆ ಚಾಚಿ ಅಂಗೈ ಮೇಲಾಗಿಸಿದಳು. ಉದ್ದ ಬೆರಳು, ತೆಳ್ಳನೆಯ ಮಣಿಕಟ್ಟು, ಹೆಬ್ಬೆರಳಿನ ಬುಡದಲ್ಲಿ ಸಣ್ಣ ಮಚ್ಚೆ. ಥೇಟ್ ಅವರಮ್ಮನ ಕೈ. ಕೌಂಟರಿನವಳು ಒಂದು ಸಲ ಚುಸ್ಸೆಂದು ಹೊಡೆದಳು. ಒಣಗಿದ ಸಂಪಿಗೆ, ಆಗಷ್ಟೇ ಸುಲಿದ ಕಿತ್ತಳೆ ಸಿಪ್ಪೆ, ಅದರ ಹಿಂದೆ ಗಂಧದ ಚಕ್ಕೆಯಂಥ ಒಂದು ಘಮ. ಎಷ್ಟೋ ವರ್ಷಗಳಿಂದ ಆ ವಾಸನೆ ನನ್ನ ಮೂಗಿಗೆ ಬಿದ್ದಿರಲಿಲ್ಲ. ಆದರೂ ಗುರುತು ಸಿಗಲು ಕ್ಷಣ ಸಾಕಾಯಿತು.

ಸಿಂಚನಾ ಇನ್ನೂ ಹುಟ್ಟಿರದ ಮಳೆಗಾಲದ ವಾಸನೆ ಅದು.

ಆಗಲೂ ನಾವು ಚಂದ್ರಾ ಲೇಔಟಿನ ಈಗಿನ ಮನೆಯಲ್ಲೇ ಇದ್ದೆವು. ಅಪ್ಪ ತೀರಿಕೊಂಡಿದ್ದರು. ಅಣ್ಣ ಪೀಣ್ಯದ ಮಷಿನ್ ಶಾಪಿನಲ್ಲಿ ಕೆಲಸಕ್ಕಿದ್ದ, ನಾನು ಬಿ.ಎಡ್ ಓದುತ್ತಿದ್ದೆ. ಅದರ ಹಿಂದಿನ ವರ್ಷ ಅಣ್ಣನಿಗೆ ಮದುವೆಯಾಗಿ ರಾಣೆಬೆನ್ನೂರಿನಿಂದ ಅನ್ನಪೂರ್ಣ ಅತ್ತಿಗೆ ಬಂದಿದ್ದಳು. ಅಮ್ಮ ದಾವಣಗೆರೆಯವಳು. ಸೊಸೆ ನಮ್ಮ ಕಡೆಯವಳೇ, ರೊಟ್ಟಿ ತಟ್ಟಲು ಬರುತ್ತದೆ, ಇನ್ನೇನು ಬೇಕು ಎಂಬ ಸಮಾಧಾನ ಅವಳಿಗೆ. ರೊಟ್ಟಿಯ ಜೊತೆಗೆ ಇನ್ನೊಂದು ವಿದ್ಯೆಯೂ ಬಂದಿದೆ ಎಂದು ಮನೆಯವರಿಗೆ ನಿಧಾನವಾಗಿ ಗೊತ್ತಾಯಿತು.

ಸಿನಿಮಾ ನೋಡುವಾಗ ನಾವೆಲ್ಲ ನಾಯಕಿಯ ಕಣ್ಣೀರು ನೋಡಿದರೆ ಅತ್ತಿಗೆ ಅವಳ ಬೆನ್ನ ಹಿಂದಿನ ಡ್ರೆಸ್ಸಿಂಗ್ ಟೇಬಲ್ ನೋಡುತ್ತಿದ್ದಳು. "ಆ ಚೌಕ ಬಾಟ್ಲಿ ನೋಡಲೇ ರೇಣು, ಅದು ಫಾರಿನ್ದು. ಪಕ್ಕದಾಗ ಇರೋದು ರಾತ್ರಿ ಹಚ್ಚೋ ಕ್ರೀಮು" ಅನ್ನುವಳು. ಯಾವ ನಟಿ ಯಾವ ಬಣ್ಣದ ಲಿಪ್‌ಸ್ಟಿಕ್ ಬಿಟ್ಟು ಯಾವುದಕ್ಕೆ ಬಂದಳು, ಯಾರ ಮದುವೆಯಲ್ಲಿ ಯಾವ ಸೆಂಟು ಹಾಕಿಕೊಂಡಿದ್ದರಂತೆ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಸಂದರ್ಶನದಲ್ಲಿ ಯಾರಾದರೂ ನಟಿ ತಾನು ಮುಖಕ್ಕೆ ಬರೀ ಕಡಲೆಹಿಟ್ಟು ಹಚ್ಚುತ್ತೇನೆ ಎಂದರೆ ಮಾತ್ರ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ಕಡ್ಲಿಹಿಟ್ಟಿನಿಂದ ಅಷ್ಟು ಚಂದ ಆಗೋದಿದ್ರ ನಮ್ಮ ಓಣಿ ಮೂಲ್ಯಾಗಿನ ಬಜ್ಜಿ ಅಂಗಡಿಯಣ್ಣ ಈಗ ಹೀರೋ ಆಗಿರ್ತಿದ್ದ" ಅಂದು ಅಮ್ಮನನ್ನೂ ನಗಿಸಿಬಿಡುತ್ತಿದ್ದಳು.

ಹಾಗೆಂದು ಅವಳ ಹತ್ತಿರ ಏನೂ ಇರಲಿಲ್ಲ. ಒಂದು ಡಬ್ಬಿ ಪೌಡರ್, ಒಂದು ಕಾಡಿಗೆ, ಅಷ್ಟೇ. ಅವಳಿಗೆ ಆಸೆಯಿದ್ದುದು ಮೇಕಪ್ ಮಾಡಿಕೊಳ್ಳುವುದಕ್ಕಲ್ಲ, ಮಾಡುವುದಕ್ಕೆ. ಬ್ಯೂಟಿಷಿಯನ್ ಕೋರ್ಸು ಕಲಿತು, ಸಿನಿಮಾದವರ ಮುಖಕ್ಕೆ ಬಣ್ಣ ಹಚ್ಚಬೇಕು. ಅದನ್ನು ನನ್ನೊಬ್ಬಳಿಗೆ ಹೇಳಿದ್ದಳು. ಅಣ್ಣನಿಗೆ ಹೇಳಲು ಧೈರ್ಯ ಸಾಲದು, ಅಮ್ಮನಿಗೆ ಹೇಳಲು ಸಂಕೋಚ.

ಜೂನ್‌ನಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ನಮ್ಮ ಎದುರಿನ ದೊಡ್ಡ ಮನೆ ಶೂಟಿಂಗ್ ಮನೆಯಾಯಿತು. ಮಾಲೀಕರು ಮಗನ ಮನೆಗೆ ಹೋಗುವಾಗ ಅದನ್ನು ಒಂದು ಧಾರಾವಾಹಿಯವರಿಗೆ ಬಾಡಿಗೆಗೆ ಕೊಟ್ಟರು. ಮಾರನೇ ದಿನವೇ ರಸ್ತೆ ತುಂಬ ಜನರೇಟರ್ ಗಾಡಿ, ಕೇಬಲ್ಲು, ಪ್ಲಾಸ್ಟಿಕ್ ಕುರ್ಚಿ. ಮಾಗಡಿ ರಸ್ತೆಯ ಕಡೆ ಮೆಟ್ರೋ ಕೆಲಸದ ಧೂಳು, ಇಲ್ಲಿ ಜನರೇಟರಿನ ಹೊಗೆ. ನಮ್ಮ ಮನೆಯ ಶೀಟಿನ ಮೇಲೆ ಮಳೆ ಜೋರಾದರೆ ಸೌಂಡ್ ಕೆಡುತ್ತದೆಂದು ಅವರು ಕೆಲಸ ನಿಲ್ಲಿಸಿ ಕಾಯುತ್ತಿದ್ದರು. ಹಾಗೆ ಕಾಯುವಾಗ ನಮ್ಮ ಮೆಟ್ಟಿಲ ಕೆಳಗೆ ಬಂದು ನಿಲ್ಲುತ್ತಿದ್ದವಳು ಲೀಲಕ್ಕ. ನಟಿಯರಿಗೆ ಟಚಪ್ ಮಾಡುವವಳು. ಸೊಂಟದಲ್ಲಿ ಬ್ರಷ್ಷು, ಪೌಡರಿನ ಚೀಲ, ಕಾಲಿಗೆ ಹವಾಯಿ ಚಪ್ಪಲಿ. ಅಮ್ಮ ಅವಳನ್ನು ಮೇಲೆ ಕರೆದು ಬಿಸಿ ಬಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟಳು. ಅಲ್ಲಿಗೆ ಅತ್ತಿಗೆಗೆ ಆ ಮನೆಯ ಬಾಗಿಲು ತೆರೆಯಿತು.

ಮೊದಲ ಸಲ ಒಳಗೆ ಹೋದಾಗ ನಾನೂ ಜೊತೆಗಿದ್ದೆ. ಅತ್ತಿಗೆ ಯಾರ ಮುಖವನ್ನೂ ನೋಡಲಿಲ್ಲ, ನೇರ ಬೆಡ್‌ರೂಮಿನ ಡ್ರೆಸ್ಸಿಂಗ್ ಟೇಬಲ್ಲಿಗೆ ಹೋದಳು. ಅವಳು ಟಿವಿಯಲ್ಲಿ ಗುರುತು ಹಿಡಿದಂಥ ಬಾಟಲಿಗಳೆಲ್ಲ ಸಾಲಾಗಿ ನಿಂತಿದ್ದವು. ಒಂದರ ಮುಚ್ಚಳ ತೆಗೆದು ಮೂಸಿದಳು. ಮುಖ ಒಂಥರಾ ಆಯಿತು. ಇನ್ನೊಂದನ್ನು ಮೂಸಿದಳು.

"ಟೀ ಡಿಕಾಕ್ಷನ್ ಕಣಮ್ಮ ಅದು" ಎಂದು ಲೀಲಕ್ಕ ಹಿಂದಿನಿಂದ ಹೇಳಿದಳು. "ಖಾಲಿ ಬಾಟ್ಲಿ ಗುಜರಿಯಿಂದ ತರ್ತಾರೆ. ಒರಿಜಿನಲ್ ಇಟ್ರೆ ಪ್ಯಾಕಪ್ ಹೊತ್ತಿಗೆ ಬಾಟ್ಲಿನೇ ಮಾಯ ಆಗಿರುತ್ತೆ."

ಅತ್ತಿಗೆ ಗೊಳ್ಳೆಂದು ನಕ್ಕಳು. "ಅಯ್ಯ, ಇಷ್ಟು ದಿನ ನಾ ಚಾ ನೋಡಿ ಆಸೆ ಪಟ್ಟೆನೇನ್ರೀ!"

ಅವಳ ಉತ್ಸಾಹ ಇನ್ನೂ ಹೆಚ್ಚಿತು. ಮಧ್ಯಾಹ್ನದ ಕೆಲಸ ಮುಗಿಸಿ ಹೋಗಿ ಲೀಲಕ್ಕನ ಪಕ್ಕ ನಿಂತು, ಬ್ರಷ್ಷು ತೊಳೆದುಕೊಡುವಳು, ಯಾವ ಬಣ್ಣಕ್ಕೆ ಯಾವುದು ಬೆರೆಸಿದರು ಎಂದು ನೋಡುವಳು. ಆಗಲೇ ಬಸುರಿ, ಆದರೆ ಹೊಟ್ಟೆ ಅಷ್ಟಾಗಿ ಕಾಣುತ್ತಿರಲಿಲ್ಲ. ಒಂದು ದಿನ ನಾಯಕಿ ಬೇರೆ ಶೂಟಿಂಗ್ ಇದೆಯೆಂದು ಬೇಗ ಹೊರಟುಬಿಟ್ಟಳಂತೆ. ಉಳಿದಿದ್ದು ಒಂದೇ ಶಾಟು. ಗಂಡ ತಂದುಕೊಟ್ಟ ಸೆಂಟಿನ ಬಾಟಲಿಯನ್ನು ನಾಯಕಿ ಕೈಗೆತ್ತಿಕೊಂಡು, ಮನಸ್ಸು ಬದಲಿಸಿ, ಮತ್ತೆ ಅಲ್ಲೇ ಇಡಬೇಕು. ಕಾಣುವುದು ಕೈ ಮಾತ್ರ. ನಿರ್ದೇಶಕರು ಸುತ್ತ ನೋಡಿದರು. ಲೀಲಕ್ಕ ಅತ್ತಿಗೆಯ ಕೈ ಹಿಡಿದು ಎತ್ತಿ ತೋರಿಸಿದಳು. ಕಾಸ್ಟ್ಯೂಮ್ ಪೆಟ್ಟಿಗೆಯಿಂದ ನಾಯಕಿಯ ಬಂಗಾರದ ಬಣ್ಣದ ಬಳೆ ತೆಗೆದು ಹಾಕಿದರು, ಉಗುರಿಗೆ ಬಣ್ಣ ಹಚ್ಚಿದರು. ಅತ್ತಿಗೆ ಡಿಕಾಕ್ಷನ್ ಬಾಟಲಿ ಎತ್ತಿದಳು, ತಡೆದಳು, ಇಟ್ಟಳು. ಒಂದೇ ಟೇಕ್.

ಅದು ಪ್ರಸಾರವಾದ ಸಂಜೆ ಅಮ್ಮ ದೀಪ ಹಚ್ಚಿ ಬೇಗನೆ ಬಂದು ಟಿವಿ ಮುಂದೆ ಕೂತಳು. ಕೈ ಬಂತು, ಹೋಯಿತು. ಕಣ್ಣು ಮಿಟುಕಿಸಿದವರಿಗೆ ಕಂಡಿರಲಿಕ್ಕಿಲ್ಲ. ಅಮ್ಮ ಮಾತ್ರ ಎದ್ದು ಅತ್ತಿಗೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಲಕ್ಷ್ಮಿ ಕೈ ಕಣವ್ವಾ ನಿಂದು" ಅಂದಳು. ಮಾರನೇ ದಿನ ಹಾಲಿನ ಬೂತು, ಹಿಟ್ಟಿನ ಗಿರಣಿ, ಅಮ್ಮ ವಚನ ಹಾಡಲು ಹೋಗುವ ಅಕ್ಕನ ಬಳಗ, ಎಲ್ಲ ಕಡೆ ಸುದ್ದಿ ಮುಟ್ಟಿತು. ಅಂದಿನಿಂದ ಪಾತ್ರೆ ತಿಕ್ಕುವುದನ್ನು ಅಮ್ಮ ತಾನೇ ವಹಿಸಿಕೊಂಡಳು. ಸಬೀನ ಪುಡಿಯಿಂದ ಸೊಸೆಯ ಕೈ ಒಡೆಯುತ್ತದಂತೆ. ಮಗಳಾದ ನನ್ನ ಕೈ ಒಡೆದರೆ ಪರವಾಗಿಲ್ಲವಾ ಎಂದು ಕೇಳಿದ್ದಕ್ಕೆ, "ನಿನ್ನ ಕೈ ಯಾರು ಟಿವೀಲಿ ತೋರುಸ್ತಾರೆ?" ಎಂದು ಬಾಯಿ ಮುಚ್ಚಿಸಿದಳು.

ಶ್ರಾವಣ ಮುಗಿದ ಮೇಲೆ ಲೀಲಕ್ಕ ದೊಡ್ಡ ಸುದ್ದಿ ತಂದಳು. ಸೆಂಟಿನ ಜಾಹೀರಾತೊಂದಕ್ಕೆ ಕೈ ಬೇಕಂತೆ. ಮುಖ ಹೆಸರಾಂತ ನಟಿಯದು, ಆದರೆ ಹತ್ತಿರದಿಂದ ತೋರಿಸುವ ಕೈ ಬೇರೆಯವರದು. ಸಿನಿಮಾದಲ್ಲಿ ಅದೇನೂ ಹೊಸದಲ್ಲವಂತೆ. ಅತ್ತಿಗೆಯ ಕೈಯ ಫೋಟೋ ಅವರಿಗೆ ಒಪ್ಪಿಗೆಯಾಗಿತ್ತು. ಜಾಹೀರಾತಿನ ಮೇಕಪ್ ಮಾಡುವವರು ಲೀಲಕ್ಕನ ಗುರು. "ಒಂದ್ಸಲ ಅವರ ಕಣ್ಣಿಗೆ ಬಿದ್ರೆ, ಹೆರಿಗೆ ಆದ್ಮೇಲೆ ಅಸಿಸ್ಟೆಂಟ್ ಆಗಿ ಸೇರಿಸಿಕೊಳ್ತಾರೆ. ನಾನು ಮಾತಾಡಿದೀನಿ" ಅಂದಳು. ಸ್ಯಾಂಪಲ್ ಅಂತ ಒಂದು ಸಣ್ಣ ಶೀಶೆಯನ್ನೂ ತಂದಿದ್ದಳು. ಇದು ಡಿಕಾಕ್ಷನ್ ಅಲ್ಲ, ನಿಜವಾದ ಸೆಂಟು. ಅತ್ತಿಗೆ ಒಂದು ಹನಿಯನ್ನು ಮಣಿಕಟ್ಟಿಗೆ ಹಚ್ಚಿ ನನ್ನ ಮೂಗಿಗೆ ಹಿಡಿದಳು. ಸಂಪಿಗೆ, ಕಿತ್ತಳೆ ಸಿಪ್ಪೆ, ಗಂಧ. ಅವಳ ಮುಖವನ್ನು ಅಷ್ಟು ಹೊಳೆಯುವಂತೆ ನಾನು ಹಿಂದೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ಜಗಳವಾಯಿತು. ಅಣ್ಣ ಕೆಟ್ಟವನಲ್ಲ, ಆದರೆ ಅವನಿಗೆ ಮಷಿನ್ ಶಾಪಿನ ಗೆಳೆಯರ ಬಾಯಿಯ ಭಯ. "ಸೀರಿಯಲ್‌ನಲ್ಲಿ ಒಂದ್ಸಲ ಬಂತು, ಸಾಕು. ಬಸುರಿ ಹೆಂಗಸು, ಜಾಹೀರಾತಿಗೆಲ್ಲ ಯಾಕೆ?" ಅಂದ. ಅತ್ತಿಗೆ ಅಮ್ಮನ ಕಡೆ ನೋಡಿದಳು. ಅಮ್ಮ ಒಂದು ಮಾತೂ ಆಡದೆ ಎದ್ದು ಅಡುಗೆಮನೆಗೆ ಹೋದಳು.

ಮಾರನೇ ಬೆಳಿಗ್ಗೆ ಅಮ್ಮ ರಾಣೆಬೆನ್ನೂರಿಗೆ ಫೋನ್ ಮಾಡಿದಳು. ಒಂಬತ್ತನೇ ತಿಂಗಳಿಗೆ ಎಂದುಕೊಂಡಿದ್ದ ಕುಬಸವನ್ನು ಏಳಕ್ಕೇ ಮಾಡಿಬಿಡೋಣ, ಮುಂದಿನ ವಾರವೇ ಬನ್ನಿ ಎಂದು ಬೀಗರಿಗೆ ಹೇಳಿದಳು. ನಮ್ಮ ಕಡೆ ಬಸುರಿಗೆ ಮಾಡುವ ಸೀಮಂತಕ್ಕೆ ಕುಬಸ ಅನ್ನುತ್ತೇವೆ. ಹೊಸ ಸೀರೆ ಉಡಿಸಿ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ಇಡಿಸುತ್ತಾರೆ. ಹೆರಿಗೆಯಾಗುವವರೆಗೆ ಆ ಬಳೆ ತೆಗೆಯುವಂತಿಲ್ಲ. ಅದು ಒಡೆದರೂ ಮನೆಯವರ ಜೀವ ಹಾರುತ್ತದೆ.

ಬೀಗರು ಬುಟ್ಟಿ ತುಂಬ ಉಂಡೆ, ಕರ್ಚಿಕಾಯಿ ಹೊತ್ತುಕೊಂಡು ಬಂದರು. ಕಾಮಾಕ್ಷಿಪಾಳ್ಯದಿಂದ ಬಳೆಗಾರ್ತಿಯನ್ನು ಅಮ್ಮ ತಾನೇ ಹೋಗಿ ಆಟೋದಲ್ಲಿ ಕರೆತಂದಳು. "ಮೊಣಕೈವರೆಗೂ ಇಡವ್ವ, ಕಮ್ಮಿ ಮಾಡಬೇಡ. ಒಳ್ಳೇ ಹೊಳೆಯೋ ಬಳೆ ಇಡು" ಎಂದು ಪಕ್ಕದಲ್ಲೇ ಕೂತು ಹೇಳುತ್ತಿದ್ದಳು. ಹೆಂಗಸರು ಸೋಬಾನೆ ಹಾಡಿದರು. ಅತ್ತಿಗೆ ಕೈ ಕೊಟ್ಟು ಕೂತಿದ್ದಳು, ಒಂದೊಂದೇ ಬಳೆ ಮಣಿಕಟ್ಟಿನ ಮೇಲೆ ಏರುತ್ತಿತ್ತು. ಅವಳ ಕಣ್ಣಲ್ಲಿ ನೀರಿತ್ತು. ತವರಿನ ನೆನಪು ಎಂದು ಹೆಂಗಸರು ಮಾತಾಡಿಕೊಂಡರು.

ಮರುದಿನ ಅಮ್ಮ, ಅಣ್ಣ ಇಬ್ಬರೂ ಬೀಗರನ್ನು ರೈಲು ಹತ್ತಿಸಲು ಯಶವಂತಪುರಕ್ಕೆ ಹೋಗಿದ್ದರು. ಆಗಲೇ ಲೀಲಕ್ಕ ಬಂದಳು. ಮಳೆಯಲ್ಲಿ ಅರ್ಧ ನೆನೆದಿದ್ದಳು.

"ನಾಳೆ ಬೆಳಿಗ್ಗೆ ಗಾಡಿ ಬರುತ್ತೆ ಕಣಮ್ಮ, ರೆಡಿಯಾಗಿರು" ಎಂದವಳು ಅತ್ತಿಗೆಯ ಕೈ ನೋಡಿ ನಿಂತುಬಿಟ್ಟಳು. "ಅಯ್ಯೋ, ಇದೇನಿದು! ಸೆಂಟ್ ಹೊಡ್ಕೊಳೋದು ಮಣಿಕಟ್ಟಿಗೆ. ಅವರಿಗೆ ಬೇಕಿರೋದೇ ಖಾಲಿ ಕೈ. ಸೋಪ್ ಹಚ್ಚಿ ತೆಗೆದುಬಿಡೋಣ, ಶೂಟಿಂಗ್ ಮುಗಿಸ್ಕೊಂಡು ಬಂದು ಹಾಕ್ಕೋ."

ಅತ್ತಿಗೆ ಬಲಗೈಯ ಕೊನೆಯ ಬಳೆಯನ್ನು ಬೆರಳಿಂದ ಹಿಡಿದಳು. ಸ್ವಲ್ಪ ಕೆಳಗೆ ದೂಡಿದಳು. ಆಮೇಲೆ ಆ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, "ಬ್ಯಾಡ ಬಿಡ್ರಿ ಅಕ್ಕಾ. ಬ್ಯಾರೆಯವ್ರನ್ನ ನೋಡ್ಕೊಳ್ರಿ" ಅಂದಳು.

ಲೀಲಕ್ಕ ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ನಿಮ್ಮ ಅವ್ವ ಬಾಯಿ ಬಿಟ್ಟು ಬ್ಯಾಡ ಅಂದಿದ್ರ ನಾ ಹೋಗ್ತಿದ್ದಿಲ್ಲ ರೇಣು. ಬಳೀ ಇಡಿಸಿ ಕೈ ಕಟ್ಟೋದ್ ಯಾಕ ಬೇಕಿತ್ತು?" ನನಗೂ ಹಾಗೆಯೇ ಅನ್ನಿಸಿತ್ತು. ಪಾತ್ರೆ ತಿಕ್ಕಿಕೊಡುವ ಅಮ್ಮ, ಮಾತಿಲ್ಲದೆ ಎದ್ದು ಹೋದ ಅಮ್ಮ, ಬಳೆಗಾರ್ತಿಯನ್ನು ಕರೆತಂದ ಅಮ್ಮ. ಮೂವರೂ ಒಬ್ಬಳೇ ಎಂದು ನಂಬುವುದು ಕಷ್ಟವಾಯಿತು.

ಅಮ್ಮ ವಾಪಸ್ಸು ಬಂದವಳೇ ಚಪ್ಪಲಿ ಬಿಡುತ್ತಾ, "ಲೀಲಾ ಬಂದಿದ್ಲಾ? ಯಾವತ್ತಂತೆ ಶೂಟಿಂಗು?" ಎಂದು ಕೇಳಿದಳು.

ಅತ್ತಿಗೆ ತಲೆ ಎತ್ತಲಿಲ್ಲ. "ಅವರು ಕರೀಲೇ ಇಲ್ರಿ ಅತ್ತಿ" ಅಂದಳು.

ಆ ಮಾತಿನ ಹಿಂದೆ ಎಷ್ಟು ಸಿಟ್ಟಿತ್ತು ಎಂಬುದು ನನಗೆ ಮಾತ್ರ ಗೊತ್ತು. ಅಮ್ಮ "ಹೌದಾ?" ಎಂದು, ಬಿಟ್ಟ ಚಪ್ಪಲಿಯನ್ನು ಗೋಡೆಗೆ ಸರಿಸಿ ಒಳಗೆ ಹೋದಳು.

ಆಮೇಲಿನದು ಎಲ್ಲ ಮನೆಗಳಲ್ಲೂ ಆಗುವಂಥದ್ದು. ಅತ್ತಿಗೆ ಎದುರು ಮನೆಗೆ ಹೋಗುವುದನ್ನು ಬಿಟ್ಟಳು. ಧಾರಾವಾಹಿಯವರು ಮನೆ ಖಾಲಿ ಮಾಡಿ ಕೆಂಗೇರಿಯ ಕಡೆ ಹೋದರು, ಲೀಲಕ್ಕನ ನಂಬರ್ ಬದಲಾಯಿತು. ಜಾಹೀರಾತು ಟಿವಿಯಲ್ಲಿ ಬಂದಾಗ ಅತ್ತಿಗೆ ತವರಿನಲ್ಲಿ ಬಾಣಂತಿ. ಇಲ್ಲಿ ನಾನೊಬ್ಬಳೇ ನೋಡಿದೆ. ಯಾರದೋ ಬೆಳ್ಳಗಿನ ಖಾಲಿ ಕೈ, ಚೆನ್ನಾಗಿಯೇ ಇತ್ತು. ಮಗು ತೆವಳುವ ಹೊತ್ತಿಗೆ, ಪೀಣ್ಯಕ್ಕೆ ಹತ್ತಿರವಾಗುತ್ತದೆ ಎಂಬ ನೆಪದಲ್ಲಿ ಅಣ್ಣ ಲಗ್ಗೆರೆಯಲ್ಲಿ ಮನೆ ಮಾಡಿದ. ಅತ್ತಿಗೆ ಹಬ್ಬಕ್ಕೆ ಬರುತ್ತಿದ್ದಳು, ಅಮ್ಮನ ಕಾಲಿಗೆ ನಮಸ್ಕರಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆದರೆ ಬಜ್ಜಿ ಅಂಗಡಿಯಣ್ಣನ ಮಾತು ಹೇಳಿ ಅಮ್ಮನನ್ನು ಮತ್ತೆಂದೂ ನಗಿಸಲಿಲ್ಲ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ಗೆ ಸೇರಿದಳು, ಹೊಲಿದ ಬಟ್ಟೆಯ ಹೆಚ್ಚುವರಿ ದಾರ ಕತ್ತರಿಸುವ ಕೆಲಸ. ಬಣ್ಣ ಹಚ್ಚಬೇಕೆಂದಿದ್ದ ಬೆರಳುಗಳಲ್ಲಿ ಕತ್ತರಿ ಹಿಡಿದು ಹಿಡಿದು ಜಡ್ಡು ಕಟ್ಟಿತು. ಅದನ್ನು ನೋಡಿದಾಗಲೆಲ್ಲ ನನಗೆ ಅಮ್ಮನ ಮೇಲೆ ಸಿಟ್ಟು ಬರುತ್ತಿತ್ತು.

ಮಾಲ್‌ನಿಂದ ನಾವು ಮನೆಗೆ ಬಂದಾಗ ಅತ್ತಿಗೆ ಆಗಲೇ ಬಂದಿದ್ದಳು. ಶನಿವಾರ, ಕೆಲಸ ಮುಗಿಸಿ ಮಗಳನ್ನು ಕರೆದೊಯ್ಯಲು ನೇರ ಅಲ್ಲಿಂದಲೇ ಬಂದಿದ್ದಳು. ಅಮ್ಮ ಮಂಚದ ಮೇಲೆ, ಅತ್ತಿಗೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ. ಎಂದಿನಂತೆ ಇಬ್ಬರ ನಡುವೆ ಟಿವಿ ಮಾತಾಡುತ್ತಿತ್ತು. ಸಿಂಚನಾ ಓಡಿಹೋಗಿ ಅಜ್ಜಿಯ ಮೂಗಿಗೆ ಕೈ ಹಿಡಿದಳು.

"ಏನೇ ಇದು, ಸೆಂಟು! ಮಣಿಕಟ್ಟಿಗೆ ಯಾಕೆ ಬಳ್ಕೊಂಡಿದೀಯ? ಸೀರೆಗೋ ಬಟ್ಟೆಗೋ ಅಲ್ವಾ ಹಾಕೋದು?"

"ಅಜ್ಜಿ! ಸೆಂಟ್ ಹಾಕೋದೇ ಇಲ್ಲಿಗೆ. ಎಲ್ಲಾ ಹೀರೋಯಿನ್ಸೂ ಹಿಂಗೇ ಹಾಕೋದು. ಬಳೆ ಗಿಳೆ ಏನೂ ಇರಬಾರದು."

ಅಮ್ಮ ಆ ಪುಟ್ಟ ಖಾಲಿ ಮಣಿಕಟ್ಟನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿದಳು.

"ಅನ್ನಪೂರ್ಣ, ಹಂಗಾದ್ರೆ ಅವತ್ತು ಅವರಿಗೆ ಖಾಲಿ ಕೈ ಬೇಕಾಗಿತ್ತೇನವ್ವ? ಆ ಸೆಂಟಿನ ಜಾಹೀರಾತಿಗೆ?"

ಅತ್ತಿಗೆ ಟಿವಿಯಿಂದ ಕಣ್ಣು ತೆಗೆದಳು.

"ನಾನು ಅಂದ್ಕೊಂಡೆ, ಸೀರಿಯಲ್‌ನಾಗೂ ಬಳೆ ಇತ್ತಲ್ಲ ಅಂತ" ಅಮ್ಮ ಹೇಳುತ್ತಾ ಹೋದಳು. "ಬಸುರಿ ಹುಡುಗಿ, ಊರೆಲ್ಲ ನೋಡೋ ಟಿವೀಲಿ ಬೋಳು ಕೈ ಬರಬಾರದು, ದೃಷ್ಟಿ ಆಗ್ತದೆ. ಕೈತುಂಬ ಹಸಿರು ಬಳೆ ಇದ್ರೆ ಎಷ್ಟು ಚಂದ ಕಾಣ್ತದೆ ಅಂತ ಅವಸರದಾಗ ಕುಬಸ ಮಾಡಿಸಿದೆ. ನಿನ್ನ ಗಂಡನ ಹತ್ರ ವಾದ ಮಾಡಿ ಏನು ಪ್ರಯೋಜನ, ಗಾಡಿ ಬಂದ ದಿನ ನಾನೇ ನಿನ್ನ ಜೊತೆ ಹೊರಟುಬಿಟ್ರೆ ಆಯ್ತು ಅಂತ ಸೀರೆ ಕೂಡ ಇಸ್ತ್ರಿ ಮಾಡಿಸಿ ಇಟ್ಟಿದ್ದೆ." ಅವಳು ಸಿಂಚನಾಳ ಕೈ ಬಿಟ್ಟಳು. "ನಿಜ ಹೇಳು, ಆ ಬಳೆನೇ ಅಡ್ಡ ಬಂತಾ?"

ಅಮ್ಮ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದಳು. ಇಷ್ಟು ವರ್ಷ ನಾವಿಬ್ಬರೂ ಅಮ್ಮನನ್ನು ಏನೆಂದುಕೊಂಡಿದ್ದೆವು! ಒಂದು ಮಾತು, ಒಂದೇ ಒಂದು ಮಾತು ಯಾರಾದರೂ ಆಡಬಾರದಿತ್ತೇ? ಅಮ್ಮನಿಗೆ ಹೇಳಿ ಗೊತ್ತಿಲ್ಲ, ಅತ್ತಿಗೆಗೆ ಕೇಳಿ ಗೊತ್ತಿಲ್ಲ.

ಅತ್ತಿಗೆ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಕುರ್ಚಿಯಿಂದ ಎದ್ದಳು, ಮಂಚದ ಅಂಚಿಗೆ ಬಂದು ಅಮ್ಮನ ಪಕ್ಕ ಕೂತಳು.

"ಇಲ್ರಿ ಅತ್ತಿ" ಅಂದಳು. "ಬಳೀದೇನೂ ಇಲ್ಲ. ಅವರು ಕರೀಲೇ ಇಲ್ಲ."

"ನಿಜವಾಗ್ಲೂ?"

"ನಿಜ. ನಿಮ್ಮಾಣೆ" ಎಂದು ಅಮ್ಮನ ಕೈಯನ್ನು ತನ್ನ ಜಡ್ಡುಗಟ್ಟಿದ ಬೆರಳುಗಳಲ್ಲಿ ಹಿಡಿದುಕೊಂಡಳು.

ಅಮ್ಮ ದೊಡ್ಡದಾಗಿ ಉಸಿರು ಬಿಟ್ಟಳು. "ಹೋಗ್ಲಿ ಬಿಡು. ಅವರಿಗೇ ನಷ್ಟ" ಅಂದಳು. ಅಷ್ಟರಲ್ಲಿ ಅವಳ ಬೆರಳಿಗೆ ಸೊಸೆಯ ಜಡ್ಡು ತಾಗಿತೇನೋ, ಕೆಳಗೆ ನೋಡಿ, "ಎಂಥಾ ಕೈ ಹೆಂಗಾಗೈತೆ ನೋಡು" ಎಂದು ಅದನ್ನು ಸವರತೊಡಗಿದಳು.

ಅವರನ್ನು ಬಸ್ಸಿಗೆ ಬಿಡಲು ನಾನೂ ಕೆಳಗಿಳಿದೆ. ಶೂಟಿಂಗ್ ಮನೆ ಈಗ ಹುಡುಗರ ಪಿಜಿ. ಸಿಂಚನಾ ತನ್ನ ಕೈ ಮೂಸಿಕೊಳ್ಳುತ್ತಾ ಮುಂದೆ ಹೋಗುತ್ತಿದ್ದಳು. ಗೇಟಿನ ಹತ್ತಿರ ಅತ್ತಿಗೆ ನಿಂತಳು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಜಾಹೀರಾತು ಹೋಗಿದ್ದು ಹೋತು ರೇಣು" ಅಂದಳು. "ನನ್ನ ಜೋಡಿ ಬರಾಕ ಸೀರಿ ಇಸ್ತ್ರಿ ಮಾಡಿಸಿಟ್ಟಿದ್ರಂತ."

ಲಗ್ಗೆರೆ ಬಸ್ಸು ಬಂತು, ಹತ್ತಿ ಹೋದರು. ನಾನು ಮೇಲೆ ಬಂದಾಗ ಅಮ್ಮ ಸಿಂಚನಾಳ ಮಣಿಕಟ್ಟು ಹಿಡಿದಿದ್ದ ತನ್ನ ಕೈಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕೂತಿದ್ದಳು.